ಪ್ರೊಕ್ಲಿವಿಟಿ: ಇಳಿಜಾರಿನಲ್ಲಿ ಹುಟ್ಟಿದ ಪದ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಕಲಿಸುವ ನನಗೆ ಸಮಾನಾರ್ಥಕ ಪದಗಳ ಪಟ್ಟಿಯ ಮೇಲೆ ದೊಡ್ಡ ತಕರಾರಿದೆ. ಪ್ರೊಕ್ಲಿವಿಟಿ, ಪ್ರೊಪೆನ್ಸಿಟಿ, ಪೆಂಚಂಟ್, ಆಪ್ಟಿಟ್ಯೂಡ್ ನಾಲ್ಕರ ಎದುರಿಗೂ ವಿದ್ಯಾರ್ಥಿಗಳು ‘ಪ್ರವೃತ್ತಿ’ ಎಂದೇ ಬರೆದುಕೊಂಡಿರುತ್ತಾರೆ. ಬಹುಆಯ್ಕೆಯ ಪ್ರಶ್ನೆಗೆ ಅಷ್ಟು ಸಾಕು. ಅನುವಾದದ ಪ್ರಶ್ನೆಗೆ ಖಂಡಿತ ಸಾಲದು.

ಪ್ರೊಕ್ಲಿವಿಟಿಯ ತವರು ಲ್ಯಾಟಿನ್. ‘ಪ್ರೊ’ ಎಂದರೆ ಮುಂದಕ್ಕೆ, ‘ಕ್ಲೀವಸ್’ ಎಂದರೆ ಇಳಿಜಾರು. ನೆಲದ ಈ ಗುಣವನ್ನು ಮನಸ್ಸಿಗೆ ಹಚ್ಚಿದ ಪದ 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಧಾರವಾಡದ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲಾ ಅರಬ್ಬಿ ಸಮುದ್ರದ ಕಡೆಗೆ ಹೊರಡುತ್ತದೆ; ಪೂರ್ವಕ್ಕೆ ವಾಲಿದ ನೆಲದ ಮಳೆನೀರು ಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ನೀರಿಗೆ ಯಾರೂ ದಾರಿ ತೋರಿಸುವುದಿಲ್ಲ, ನೆಲದ ವಾಲಿಕೆಯೇ ಎಳೆಯುತ್ತದೆ. ಪ್ರೊಕ್ಲಿವಿಟಿ ಎಂದರೆ ಆ ಎಳೆತ.

ನನಗೆ ಬಹಳ ಇಷ್ಟವಾದ ಸಂಗತಿಯೆಂದರೆ, ಸಂಸ್ಕೃತದ ‘ಪ್ರವಣ’ವೂ ಇದೇ ಹಾದಿಯಲ್ಲಿ ನಡೆದಿದೆ. ಅದಕ್ಕೂ ಮೊದಲ ಅರ್ಥ ಇಳಿಜಾರು, ಆಮೇಲಿನದು ಒಂದರ ಕಡೆಗೆ ಒಲಿದದ್ದು. ‘ಪ್ರವಣತೆ’ ಕನ್ನಡದಲ್ಲಿ ಇದ್ದೇ ಇದೆ, ನಾವು ಬಳಸುತ್ತಿಲ್ಲ ಅಷ್ಟೇ. ಇನ್ನು ‘ಕ್ಲೀವಸ್’ನ ಬೇರನ್ನು ಕೆದಕಿದರೆ, ಒರಗು ಎಂಬ ಅರ್ಥದ ‘ಶ್ರಿ’ ಧಾತು ಅದರ ದೂರದ ಬಂಧು. ನಮ್ಮ ‘ಆಶ್ರಯ’ ಹುಟ್ಟಿದ್ದು ಆ ಧಾತುವಿನಿಂದಲೇ.

ಬಳಕೆಯಲ್ಲಿ ಪ್ರೊಕ್ಲಿವಿಟಿ ಹೆಚ್ಚಾಗಿ ಬೇಡದ ಗುಣಗಳ ಜೊತೆ ಬರುತ್ತದೆ: ಜಗಳ, ದುಂದು, ಸುಳ್ಳು. ಹಾಗಾಗಿ ಶಿಫಾರಸು ಪತ್ರದಲ್ಲಿ ಹುಡುಗಿಯ ಗಣಿತದ ಜಾಣ್ಮೆಗೆ ಅದನ್ನು ಹಚ್ಚಬಾರದು. ಅಲ್ಲಿ ಬೇಕಾದದ್ದು ಸಾಮರ್ಥ್ಯವನ್ನು ಸೂಚಿಸುವ ಆಪ್ಟಿಟ್ಯೂಡ್. ಸಂಜೆಯಾದರೆ ಗಿರ್ಮಿಟ್ ಬೇಕೇ ಬೇಕು ಎನ್ನುವವರದು ಪೆಂಚಂಟ್. ಪ್ರೊಪೆನ್ಸಿಟಿ ತಟಸ್ಥ ಪದ. ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಅನುಭೋಗ ಪ್ರವೃತ್ತಿಯನ್ನು, ಅಂದರೆ ಆದಾಯವನ್ನು ಖರ್ಚು ಮಾಡುವ ಒಲವನ್ನು, ವಿವರಿಸಲು ಆರಿಸಿಕೊಂಡದ್ದು ಅದನ್ನೇ.

ನ್ಯಾಯಾಲಯದ ಕಾಗದಪತ್ರಗಳನ್ನು ಮುಂದೆ ಅನುವಾದಿಸಲಿರುವವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಒಬ್ಬ ವ್ಯಕ್ತಿಗೆ ಹಿಂಸೆಯ ಪ್ರೊಕ್ಲಿವಿಟಿ ಇದೆ ಎಂದು ಮೂಲದಲ್ಲಿದ್ದರೆ ‘ಹಿಂಸೆಯ ಅಭ್ಯಾಸವಿದೆ’ ಎಂದು ಬರೆಯಬೇಡಿ. ಅಭ್ಯಾಸ ಎಂದೊಡನೆ ಆತ ಮತ್ತೆ ಮತ್ತೆ ಹಿಂಸೆ ಮಾಡಿದ್ದಾನೆ ಎಂದಾಗುತ್ತದೆ. ಮೂಲ ಹೇಳುವುದು ಒಲವನ್ನು ಮಾತ್ರ, ಕೃತ್ಯವನ್ನಲ್ಲ. ‘ಹಿಂಸೆಯತ್ತ ವಾಲುವ ಸ್ವಭಾವ’ ಎಂದು ಬರೆಯಿರಿ.