ಲೂಪಸ್: ರಿಪೋರ್ಟ್ ಚೆನ್ನಾಗಿದೆ, ಸುಸ್ತು ಹಾಗೇ ಇದೆ. ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು ಬಂದ ಬಗೆ

ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದರ ತೀವ್ರತೆಗೆ ವೈದ್ಯರು ಹಾಕುವ ಅಂಕಪಟ್ಟಿ ‘ಸ್ಲೆಡೈ’. ರೋಗಿಯ ಫೈಲಿನಲ್ಲಿ ‘ಸ್ಲೆಡೈ 4’ ಎಂದು ಬರೆದಿದ್ದರೆ ಅದರಿಂದ ಆ ವ್ಯಕ್ತಿ ಹೇಗಿದ್ದಾರೆಂದು ಗೊತ್ತಾಗುವುದಿಲ್ಲ. ಒಬ್ಬರಿಗೆ ಬೆರಳಿನ ಗೆಣ್ಣುಗಳು ಊದಿ ರವಿಕೆಯ ಗುಂಡಿ ಹಾಕಲೂ ಆಗದಿರಬಹುದು. ಕೀಲಿನ ಉರಿಯೂತಕ್ಕೆ 4 ಅಂಕ. ಇನ್ನೊಬ್ಬರ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್ ಇಳಿದಿದೆ, ಅದಕ್ಕೆ 2. ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿದೆ, ಅದಕ್ಕೂ 2. ಅವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಮೂರನೆಯವರು ಹಾಸಿಗೆ ಬಿಟ್ಟೇಳಲಾರದಷ್ಟು ಸುಸ್ತಾಗಿದ್ದರೂ ಅವರ ಅಂಕ 0 ಆಗಬಹುದು. ಸ್ಲೆಡೈನ 24 ಸಾಲುಗಳಲ್ಲಿ ಸುಸ್ತಿಗೆ ಒಂದು ಸಾಲೂ ಇಲ್ಲ.

ಇದನ್ನು ಆ ಪಟ್ಟಿಯ ದೋಷ ಎನ್ನುವುದು ಅನ್ಯಾಯ. ಟೊರಾಂಟೊ ತಂಡ 1992ರಲ್ಲಿ ಪ್ರಕಟಿಸಿದ ಈ ಅಳತೆ ಇರುವುದು ಕಾಯಿಲೆ ಎಷ್ಟು ಉರಿಯುತ್ತಿದೆ ಎಂದು ನೋಡಲು. ಹಿಂದಿನ 10 ದಿನಗಳಲ್ಲಿ ಕಂಡದ್ದನ್ನು ವೈದ್ಯರು ಗುರುತು ಹಾಕಬೇಕು. ಫಿಟ್ಸ್ ಬಂದಿದ್ದರೆ 8, ಚರ್ಮದ ಹೊಸ ದದ್ದಿಗೆ 2, ಒಟ್ಟು 105ರವರೆಗೆ. 1989ರ ‘ಸ್ಲ್ಯಾಮ್’ ಎಂಬ ಅಳತೆಯಲ್ಲಿ ಸುಸ್ತು ಇತ್ತು, ಆದರೆ ಅಂಕ ಹಾಕುತ್ತಿದ್ದದ್ದು ಅಲ್ಲಿಯೂ ವೈದ್ಯರೇ. ಕಾಯಿಲೆ ಬಿಟ್ಟುಹೋದ ಶಾಶ್ವತ ಹಾನಿಯನ್ನು ಎಣಿಸುವ ಸೂಚ್ಯಂಕ 1996ರಲ್ಲಿ ಬಂತು. ರೋಗಿಯ ಬದುಕು ಹೇಗೆ ನಡೆದಿದೆ ಎಂಬುದು ಇವುಗಳಲ್ಲಿ ಯಾವುದರ ಲೆಕ್ಕಕ್ಕೂ ಬರಲಿಲ್ಲ.

ಆ ಜಾಗಕ್ಕೆ ಮೊದಲು ಬಂದದ್ದು ಲೂಪಸ್‌ಗೆಂದೇ ಮಾಡಿದ ಪ್ರಶ್ನಾವಳಿಯಲ್ಲ. 1992ರ ಎಸ್‌ಎಫ್-36 ಯಾವ ಕಾಯಿಲೆಗಾದರೂ ಹೊಂದುವಂಥದ್ದು: 36 ಪ್ರಶ್ನೆ, 8 ವಿಭಾಗ, ಪ್ರತಿ ವಿಭಾಗಕ್ಕೂ 0ರಿಂದ 100. ಲೂಪಸ್ ಇರುವವರನ್ನು ಆರೋಗ್ಯವಂತರ ಜೊತೆ, ಬೇರೆ ಕಾಯಿಲೆಯವರ ಜೊತೆ ಹೋಲಿಸಲು ಅದು ಈಗಲೂ ಕೆಲಸಕ್ಕೆ ಬರುತ್ತದೆ. ಆದರೆ ಹುಟ್ಟಿದ್ದು ಅಮೆರಿಕದಲ್ಲಿ. ಮಧ್ಯಮ ಶ್ರಮದ ಕೆಲಸಕ್ಕೆ ಅದು ಕೊಡುವ ಉದಾಹರಣೆಗಳಲ್ಲಿ ಮೇಜು ಸರಿಸುವುದರ ಜೊತೆ ವ್ಯಾಕ್ಯೂಮ್ ಕ್ಲೀನರ್, ಬೌಲಿಂಗ್, ಗಾಲ್ಫ್ ಇವೆ! ನಿದ್ದೆ, ಕೂದಲು ಉದುರುವುದು, ದಾಂಪತ್ಯ, ಗರ್ಭಧಾರಣೆಯ ಚಿಂತೆ ಇವುಗಳ ಬಗ್ಗೆ ಮಾತ್ರ ಮಾತಿಲ್ಲ. ಲೂಪಸ್ ಹೆಚ್ಚಾಗಿ ಬರುವುದು ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳಿಗೆ, ಹಾಗಾಗಿ ಇದು ಸಣ್ಣ ಕೊರತೆಯಲ್ಲ. ಆದರೂ 1998ರಲ್ಲಿ, ಕೀಲುರೋಗಗಳ ಪ್ರಯೋಗಗಳಲ್ಲಿ ಏನನ್ನು ಅಳೆಯಬೇಕೆಂದು ನಿರ್ಧರಿಸುವ ತಜ್ಞರ ಒಮೆರ‍್ಯಾಕ್ಟ್ ಸಭೆ ಲೂಪಸ್ ಔಷಧ ಪ್ರಯೋಗಗಳಲ್ಲಿ ಕಾಯಿಲೆಯ ತೀವ್ರತೆ, ಹಾನಿ, ಅಡ್ಡಪರಿಣಾಮಗಳ ಜೊತೆ ಜೀವನದ ಗುಣಮಟ್ಟವನ್ನೂ ಅಳೆಯಲೇಬೇಕು ಎಂದಾಗ ಕೈಯಲ್ಲಿದ್ದದ್ದು ಇದೇ.

ಮುಂದಿನ ಪ್ರಯತ್ನ ಸ್ವಲ್ಪ ಬೇರೆ ದಿಕ್ಕಿನದು. ಸಾವಿರಾರು ರೋಗಿಗಳನ್ನು ಆಸ್ಪತ್ರೆಗೆ ಕರೆಸದೆ ಅಂಚೆಯಲ್ಲೇ ಕಾಯಿಲೆಯ ತೀವ್ರತೆ ತಿಳಿಯಲು ಆಗುತ್ತದೆಯೇ? 2003ರಲ್ಲಿ ಬಂದ ‘ಸ್ಲ್ಯಾಕ್’ ಹುಟ್ಟಿದ್ದು ಈ ಪ್ರಶ್ನೆಯಿಂದ. ಸ್ಲ್ಯಾಮ್‌ನಿಂದ ಲ್ಯಾಬ್ ಪರೀಕ್ಷೆಗಳನ್ನು ತೆಗೆದು, ಹಿಂದಿನ 3 ತಿಂಗಳ 24 ಲಕ್ಷಣಗಳನ್ನು ರೋಗಿಯೇ ಗುರುತಿಸುವಂತೆ ಮಾಡಿದರು. ಸಮೀಕ್ಷೆಗೆ ಇದು ಒಳ್ಳೆಯ ಸಾಧನ, ಚಿಕಿತ್ಸೆ ನಿರ್ಧರಿಸಲು ಅಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ನೋವಾಗುವುದಿಲ್ಲ, ಹಾಗಾಗಿ ಕಿಡ್ನಿ ಹಾಳಾಗುತ್ತಿದ್ದರೂ ಹಾಳೆಯಲ್ಲಿ ಏನೂ ಕಾಣದಿರಬಹುದು. ಫೈಬ್ರೊಮಯಾಲ್ಜಿಯಾ (ಮೈಯೆಲ್ಲಾ ನೋವು, ಸುಸ್ತು ತರುವ ಬೇರೊಂದು ತೊಂದರೆ) ಇರುವವರ ಅಂಕವಾದರೆ ಲೂಪಸ್ ತಣ್ಣಗಿದ್ದರೂ ಏರುತ್ತದೆ.

ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ತಂಡ 2007ರಲ್ಲಿ ಪ್ರಕಟಿಸಿದ ‘ಲೂಪಸ್‌ಕ್ಯೂಓಎಲ್’ ರೋಗಿಗಳ ಜೊತೆ ಕೂತು ಮಾತಾಡಿ, ಅವರ ಮಾತಿನಿಂದಲೇ ಪ್ರಶ್ನೆಗಳನ್ನು ತೆಗೆದುಕೊಂಡದ್ದು. ಒಟ್ಟು 34 ಪ್ರಶ್ನೆ: ದೈಹಿಕ ಆರೋಗ್ಯ 8, ಮಾನಸಿಕ ಆರೋಗ್ಯ 6, ದೇಹದ ಚಹರೆ 5, ಸುಸ್ತು 4, ನೋವು, ಮುಂದಿನ ಯೋಜನೆ, ಇತರರಿಗೆ ಹೊರೆಯಾಗುವ ಭಾವನೆ ತಲಾ 3, ದಾಂಪತ್ಯ 2. ಕಳೆದ 4 ವಾರಗಳನ್ನು ನೆನೆದು, ‘ಯಾವಾಗಲೂ’ ಎಂದರೆ 0, ‘ಎಂದೂ ಇಲ್ಲ’ ಎಂದರೆ 4. ವಿಭಾಗದ ಸರಾಸರಿಯನ್ನು 4ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಸುಸ್ತಿನ ನಾಲ್ಕು ಉತ್ತರಗಳು 1, 2, 1, 2 ಆದರೆ ಸರಾಸರಿ 1.5, ಅಂಕ 37.5. ಕನಿಷ್ಠ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರವಿದ್ದರೆ ಇದ್ದವುಗಳದ್ದೇ ಸರಾಸರಿ ತೆಗೆಯಬಹುದು. ಇಲ್ಲದಿದ್ದರೆ ಆ ವಿಭಾಗವನ್ನು ಬಿಡಬೇಕು. ಖಾಲಿ ಬಿಟ್ಟದ್ದಕ್ಕೆ 0 ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಇಲ್ಲಿ 0 ಎಂದರೆ ಅತ್ಯಂತ ಕೆಟ್ಟ ಸ್ಥಿತಿ. ದಾಂಪತ್ಯದ ಎರಡು ಪ್ರಶ್ನೆಗಳಲ್ಲಿ ಇದು ಸುಲಭವಾಗಿ ಆಗುತ್ತದೆ. ಮದುವೆಯಾಗದವರು, ಒಬ್ಬರೇ ಇರುವವರು ‘ಅನ್ವಯಿಸುವುದಿಲ್ಲ’ ಎಂದದ್ದನ್ನು ಉತ್ತರವಾಗಿ ಎಣಿಸಬಾರದು.

ಅಂಕದ ದಿಕ್ಕು ಇನ್ನೊಂದು ಗೋಜಲು. ಲೂಪಸ್‌ಕ್ಯೂಓಎಲ್‌ನಲ್ಲಿ ಅಂಕ ಏರಿದರೆ ಒಳ್ಳೆಯದು. 2005ರಲ್ಲಿ ಸಿಂಗಪುರದಲ್ಲಿ ಸಿದ್ಧವಾದ 40 ಪ್ರಶ್ನೆಗಳ ‘ಸ್ಲೆಕಾಲ್’ನಲ್ಲಿ ಏರಿದರೆ ಕೆಟ್ಟದ್ದು. ಸುಸ್ತನ್ನಷ್ಟೇ ಅಳೆಯುವ, 13 ಪ್ರಶ್ನೆಗಳ ‘ಫ್ಯಾಸಿಟ್’ನಲ್ಲಿ 52 ಉತ್ತಮ, ‘ಪ್ರಾಮಿಸ್’ನ ಸುಸ್ತಿನ ಪ್ರಶ್ನಾವಳಿಯಲ್ಲಿ 50 ಸರಾಸರಿ, ಅದಕ್ಕಿಂತ ಮೇಲೆ ಹೋದಷ್ಟೂ ಸುಸ್ತು ಜಾಸ್ತಿ. ಒಂದೇ ಎಕ್ಸೆಲ್ ಹಾಳೆಯಲ್ಲಿ ಎರಡೂ ಬಗೆಯ ಅಂಕಗಳನ್ನು ತುಂಬಿ ದಿಕ್ಕು ಬರೆದಿಡದಿದ್ದರೆ, ಸುಧಾರಿಸಿದ ರೋಗಿ ಹದಗೆಟ್ಟಂತೆ ಕಾಣುತ್ತಾರೆ. ಅವಧಿಯನ್ನೂ ನೋಡಬೇಕು: ಫ್ಯಾಸಿಟ್ ಕೇಳುವುದು 7 ದಿನದ್ದು, ಸ್ಲ್ಯಾಕ್ 3 ತಿಂಗಳದ್ದು. ಹೋದ ವಾರ ಸ್ಟೀರಾಯ್ಡ್ ಶುರುವಾಗಿದ್ದರೆ ಎರಡರ ಉತ್ತರವೂ ಸರಿಯಾಗಿದ್ದು, ಒಂದಕ್ಕೊಂದು ತಾಳೆಯಾಗದೇ ಇರಬಹುದು.

ಹಾಳೆಯನ್ನು ಡಾಕ್ಟರನ್ನು ಕಾಣುವ ಮೊದಲೇ ಕೊಡಬೇಕು. ‘ರಿಪೋರ್ಟ್ ಚೆನ್ನಾಗಿದೆ’ ಎಂದು ಕೇಳಿಸಿಕೊಂಡ ಮೇಲೆ ಉತ್ತರ ಬದಲಾಗುತ್ತದೆ. ಗಂಡನೋ ಅತ್ತೆಯೋ ಪಕ್ಕದಲ್ಲಿ ನಿಂತು ಓದಿ ಹೇಳುವಾಗ ‘ಇತರರಿಗೆ ಹೊರೆ’ ವಿಭಾಗಕ್ಕೆ ನಿಜವಾದ ಉತ್ತರ ಸಿಗುವುದು ಕಷ್ಟ. ಓದಲು ಬಾರದವರಿಗೆ ತರಬೇತಾದ ನರ್ಸ್ ಬೇರೆ ಕೋಣೆಯಲ್ಲಿ ಕೇಳಬೇಕು. ಕನ್ನಡದಲ್ಲಿ ಬಳಸಬೇಕೆಂದರೆ ಅಲ್ಲೇ ನಿಂತು ಬಾಯಿಮಾತಿನಲ್ಲಿ ಅನುವಾದಿಸಿದರೆ ಅಂಕಕ್ಕೆ ಬೆಲೆಯಿಲ್ಲ. ಹಕ್ಕುದಾರರ ಅನುಮತಿ ಪಡೆದು, ಇಬ್ಬರಿಂದ ಪ್ರತ್ಯೇಕವಾಗಿ ಅನುವಾದ ಮಾಡಿಸಿ, ಒಂದಾಗಿಸಿ, ಮೂಲ ನೋಡದವರಿಂದ ಇಂಗ್ಲಿಷ್‌ಗೆ ಮರಳಿ ತರಿಸಿ, ಆಮೇಲೆ ಕೆಲವು ರೋಗಿಗಳಿಗೆ ಕೊಟ್ಟು ‘ಇದರಿಂದ ನಿಮಗೆ ಏನು ಅರ್ಥವಾಯಿತು’ ಎಂದು ಕೇಳಬೇಕು. ಬೆಂಗಳೂರಿನವರ ಜೊತೆ ಕಲಬುರಗಿ, ಮಂಗಳೂರು ಕಡೆಯವರೂ ಅದರಲ್ಲಿರಲಿ.

ಷಿಕಾಗೋದ ಮೀನಾಕ್ಷಿ ಜಾಲಿ ಅವರ ತಂಡ 2012ರಲ್ಲಿ ತಂದ ‘ಲೂಪಸ್‌ಪ್ರೊ’ ಗಂಡಸರನ್ನೂ ಬೇರೆ ಬೇರೆ ಜನಾಂಗದವರನ್ನೂ ಸೇರಿಸಿಕೊಂಡು, ನೆನಪಿನ ಶಕ್ತಿ, ಸಂತಾನ, ಔಷಧಿಯ ತೊಂದರೆ, ಕುಟುಂಬದ ಬೆಂಬಲದ ಪ್ರಶ್ನೆಗಳನ್ನು ಕೂಡಿಸಿತು. ಅಷ್ಟರಲ್ಲಿ ಔಷಧ ಪ್ರಯೋಗಗಳಲ್ಲೂ ರೋಗಿಯ ಉತ್ತರಕ್ಕೆ ಜಾಗ ಸಿಕ್ಕಿತ್ತು. 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೂಪಸ್ ಔಷಧಿ ಬೆಲಿಮುಮ್ಯಾಬ್‌ನ ಬ್ಲಿಸ್-52 ಪ್ರಯೋಗದಲ್ಲಿ ಎಸ್‌ಎಫ್-36ರ ದೈಹಿಕ ಅಂಕ 24ನೇ ವಾರದಲ್ಲಿ ಅದನ್ನು ಪಡೆದವರ ಮತ್ತು ಪಡೆಯದವರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ತೋರಿಸಲಿಲ್ಲ. 52ನೇ ವಾರಕ್ಕೆ ತೋರಿಸಿತು. ಉರಿಯೂತ ಇಳಿದ ಕೂಡಲೇ ಬದುಕು ಹಗುರಾಗುವುದಿಲ್ಲ.

ಒಪಿಡಿಯಲ್ಲಿ ಸ್ಲೆಡೈ 0, ಆದರೆ ಪ್ರಶ್ನಾವಳಿಯಲ್ಲಿ ಸುಸ್ತು ಬಹಳ ಎಂದು ಬಂದಾಗ ಸ್ಟೀರಾಯ್ಡ್ ಏರಿಸುವುದು ತಪ್ಪು ದಾರಿ. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ ನೋಡಬೇಕು. ನಿದ್ದೆ, ಖಿನ್ನತೆ, ಮೈಯೆಲ್ಲಾ ನೋವಿನ ಬಗ್ಗೆ ಕೇಳಬೇಕು. ಸ್ಟೀರಾಯ್ಡೇ ನಿದ್ದೆ ಕೆಡಿಸಿ, ತೊಡೆಯ ಸ್ನಾಯು ಸೋಲಿಸಿದೆಯೇ ಎಂದೂ ನೋಡಬೇಕು: ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದರೆ ಅದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.