ಸಂಘದಲ್ಲಿ ನಂದೆಷ್ಟೈತೆ?

ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳ ಪುಸ್ತಕ ನೋಡ್ಕೊಂಡು, ಪುಸ್ತಕ ಬರೆಯೋ ಹುಡುಗಿಯರಿಗೆ ಟ್ರೈನಿಂಗ್ ಕೊಟ್ಕೊಂಡು ಇಪ್ಪತ್ತು ವರ್ಷದ ಮೇಲಾಯ್ತು ನಂಗೆ. ಎಲ್ಲಿ ಹೋದ್ರೂ ಒಂದೇ ಕಂಪ್ಲೇಂಟ್. "ಮೇಡಂ, ನಮ್ಮ ಸದಸ್ಯರಿಗೆ ಆಸಕ್ತಿನೇ ಇಲ್ಲ, ಮೀಟಿಂಗಿಗೆ ಬರಲ್ಲ, ವಾರದ ದುಡ್ಡನ್ನ ಮಕ್ಕಳ ಕೈಲಿ ಕಳಿಸಿಬಿಡ್ತಾರೆ." ಇದನ್ನ ಹೇಳೋದು ಯಾವಾಗ್ಲೂ ಪ್ರತಿನಿಧಿಗಳೇ, ಅಂದ್ರೆ ಪುಸ್ತಕ ಯಾರ ಮನೇಲಿರುತ್ತೋ ಅವರು. ಮೀಟಿಂಗಿಗೆ ಬರದೇ ಇರೋರನ್ನ ಯಾಕಮ್ಮ ಬರಲ್ಲ ಅಂತ ಕೇಳಿದೋರು ಕಮ್ಮಿ. ನಾನೂ ಬಹಳ ವರ್ಷ ಕೇಳಿರಲಿಲ್ಲ, ಹಾಜರಾತಿ ಕಾಲಂ ನೋಡಿ ಶೇಕಡಾ ಇಷ್ಟು ಅಂತ ರಿಪೋರ್ಟ್ ಬರೆದು ಬಸ್ ಹತ್ತುತಿದ್ದೆ.

ಹೊಳಲ್ಕೆರೆ ಕಡೆ ಒಂದು ಸಂಘ. ಹದಿನಾಲ್ಕು ಜನ, ಅದ್ರಲ್ಲಿ ಮೂರು ಜನ ನಾಲ್ಕು ತಿಂಗಳಿಂದ ಬರೋದನ್ನೇ ನಿಲ್ಲಿಸಿದ್ರು. ಒಬ್ಬರ ಮನೆಗೆ ಹೋದೆ. ಜಗಲಿ ಮೇಲೆ ಕೂತು ಶೇಂಗಾ ಸುಲೀತಾ ಇದ್ರು, ಕೂತ್ಕೊಳ್ಳಿ ಅಂತ ಮಣೆ ಸರಿಸಿದ್ರು, ಸಂಘದ ಮಾತು ತೆಗೆದ ತಕ್ಷಣ ಮುಖ ಗಂಟಾಯ್ತು. "ಆರು ವರ್ಷ ಕಟ್ಟೀನಿ ಮೇಡಮ್ಮಾರೆ. ನಂದೆಷ್ಟೈತೆ ಅಂತ ಒಂದಿನ ಕೇಳ್ದೆ. ನಿಂಗೇನ್ ಓದಾಕ್ ಬರ್ತತಾ, ಬರ್ದೀವಿ ಬಿಡು ಅಂದ್ರು. ಎಲ್ಲಾರೂ ನಕ್ಕರು. ಅವತ್ತಿಂದ ಹೋಗಿಲ್ಲ ನಾನು."

ವಾಪಸ್ ಬಂದು ಪುಸ್ತಕ ತೆಗೆಸಿದೆ. ವಾರಕ್ಕೆ 20 ರೂಪಾಯಿ ಉಳಿತಾಯ, ಆರು ವರ್ಷ ಒಂದು ವಾರನೂ ತಪ್ಪಿಸದೇ ಇದ್ರೆ 6,240 ಆಗ್ಬೇಕು, ಲೆಡ್ಜರಲ್ಲಿ ಆಯಮ್ಮಂದು 5,980 ಇತ್ತು. ಹದಿಮೂರು ವಾರ ಕಟ್ಟಿಲ್ಲ, ಆ ಹದಿಮೂರು ವಾರದ ಎದುರಿಗೂ ಗೆರೆ ಎಳೆದಿತ್ತು. ಲೆಕ್ಕ ಚೊಕ್ಕ. ಒಂದು ರೂಪಾಯಿ ಆಚೀಚೆ ಇಲ್ಲ. ಆದರೆ ಹದಿನಾಲ್ಕೂ ಜನದ ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಕವರಲ್ಲಿ ಪ್ರತಿನಿಧಿ ಮನೆ ಬೀರೂಲಿತ್ತು, ಕೊನೇ ಎಂಟ್ರಿ ಆಗಿ 19 ತಿಂಗಳಾಗಿತ್ತು. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ, ಆದ್ರೂ ಸಂಘ ಒಡೀತಾ ಇತ್ತು. ಕಳ್ಳತನ ಹಿಡಿಯೋಕೆ ನಮಗೆ ಟ್ರೈನಿಂಗ್ ಇದೆ, ಇದನ್ನ ಹಿಡಿಯೋಕೆ ಇರಲಿಲ್ಲ.

ಸಂಘ ಯಾಕೆ ಚಿಕ್ಕದಾಗೇ ಇರ್ಬೇಕು ಅಂತ ಮೊದ್ಲು ಯಾರಿಗೆ ಹೊಳೀತು ಅನ್ನೋದನ್ನ ಒಂಚೂರು ನೆನಪು ಮಾಡ್ಕೋಬೇಕು. ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ 1968ರಲ್ಲಿ ಶುರುವಾಗಿದ್ದು ಟಿಬೆಟಿನಿಂದ ಬಂದವರಿಗೆ ನೆಲೆ ಮಾಡಿಕೊಡೋಕೆ. ಆಮೇಲೆ ಅವರು ನಮ್ಮ ಹಳ್ಳಿಗಳಿಗೆ ಬಂದು ದೊಡ್ಡ ದೊಡ್ಡ ಸಹಕಾರ ಸಂಘಗಳನ್ನ ಕಟ್ಟಿಸಿದ್ರು, 1980ರ ದಶಕದ ಮಧ್ಯದ ಹೊತ್ತಿಗೆ ಅವುಗಳಲ್ಲಿ ಸುಮಾರು ಕುಸಿದು ಬಿದ್ವು. ನೂರಾರು ಜನರ ಸಂಘದಲ್ಲಿ ಯಾರು ಏನು ತಗೊಂಡ್ರು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ, ಒಬ್ಬಿಬ್ಬರ ಕೈಲಿ ಎಲ್ಲಾ ಇರ್ತಿತ್ತು. ಆಗ ಜನಾನೇ ತಮ್ಮ ಪಾಡಿಗೆ ತಾವು ಸಣ್ಣ ಸಣ್ಣ ಗುಂಪು ಮಾಡ್ಕೊಂಡು ಸಾಲ ತೀರಿಸ್ತೀವಿ, ಆದ್ರೆ ಆ ದೊಡ್ಡ ಸೊಸೈಟಿಗಲ್ಲ, ನಮ್ಮ ಗುಂಪಿಗೆ ಅಂತ ನಿಂತ್ರಂತೆ. ಈ ಸಣ್ಣ ಗುಂಪುಗಳ ಕೆಲಸಕ್ಕೆ ಅಂತ ನಬಾರ್ಡ್, ಅಂದ್ರೆ ಹಳ್ಳಿ ಅಭಿವೃದ್ಧಿಗೆ ಇರೋ ರಾಷ್ಟ್ರೀಯ ಬ್ಯಾಂಕು, 1987ರಲ್ಲಿ ಮೈರಾಡಕ್ಕೆ 10 ಲಕ್ಷ ಕೊಡ್ತು, 1992ರಲ್ಲಿ ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ದೇಶದಾದ್ಯಂತ 500 ಸಂಘಗಳ ಗುರಿ ಇಟ್ಕೊಂಡು ಶುರುವಾಯ್ತು, 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದು ಅಂಗನವಾಡಿ ಟೀಚರುಗಳು ಊರೂರಲ್ಲಿ ಸಂಘ ಕಟ್ಟಿದ್ರು. ಇಪ್ಪತ್ತಕ್ಕಿಂತ ಜಾಸ್ತಿ ಜನ ಬೇಡ ಅನ್ನೋದಕ್ಕೆ ಕಾನೂನಿನ ಕಾರಣಾನೂ ಇತ್ತು, ಅದಕ್ಕಿಂತ ಜಾಸ್ತಿ ಆದ್ರೆ ರಿಜಿಸ್ಟರ್ ಮಾಡಿಸ್ಬೇಕಿತ್ತು. ಆದ್ರೆ ನಂಗೆ ಕಾಣೋ ಕಾರಣ ಬೇರೆ. ಹದಿನೈದು ಜನ ಗುಂಡಗೆ ಕೂತ್ರೆ ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತೆ, ಮಧ್ಯದಲ್ಲಿಟ್ಟ ದುಡ್ಡು ಎಲ್ಲರಿಗೂ ಕಾಣಿಸುತ್ತೆ. ಆ ಗುಂಡಗೆ ಕೂರೋದೇ ನಿಂತೋದ್ಮೇಲೆ ಹದಿನೈದು ಜನ ಇದ್ರೇನು ಐನೂರು ಜನ ಇದ್ರೇನು.

ಪಂಚಸೂತ್ರ ಅಂತ ಎಲ್ಲಾ ಸಂಘದವರೂ ಬಾಯಿಪಾಠ ಹೇಳ್ತಾರೆ, ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ. ಐದನೇದಿದೆಯಲ್ಲ, ಅಲ್ಲೇ ನಾವು ಟ್ರೈನಿಂಗ್ ಕೊಡೋರು ಎಡವಿದ್ದು. ನಡಾವಳಿ ಹೆಂಗೆ ಬರೀಬೇಕು, ನಗದು ಪುಸ್ತಕದಲ್ಲಿ ಜಮಾ ಯಾವ ಕಡೆ ಖರ್ಚು ಯಾವ ಕಡೆ, ಎಲ್ಲಾ ಹೇಳ್ಕೊಟ್ವಿ. ಬರೆದಿದ್ದನ್ನ ಜೋರಾಗಿ ಓದಿ ಹೇಳ್ರಮ್ಮ ಅಂತ ಮಾತ್ರ ಹೇಳ್ಲಿಲ್ಲ. ಬ್ಯಾಂಕ್ ಮ್ಯಾನೇಜರ್ ನೋಡಿದ್ರೆ ಒಪ್ಪೋ ಹಂಗಿರ್ಬೇಕು, ಅಷ್ಟೇ ನಮ್ಮ ತಲೇಲಿದ್ದಿದ್ದು. ಹಿಂಗಾಗಿ ಪುಸ್ತಕ ಬ್ಯಾಂಕಿಂದಾಯ್ತು, ಸದಸ್ಯರದ್ದಾಗ್ಲಿಲ್ಲ.

ಈಗ ನಾನು ಎಲ್ಲಾ ಕಡೆ ಮೊದಲು ಕಲಿಸೋದು ಇದನ್ನೇ. ಮೀಟಿಂಗ್ ಶುರುವಾದ ತಕ್ಷಣ, ಪ್ರಾರ್ಥನೆ ಆದ್ಮೇಲೆ, ಪುಸ್ತಕ ತೆಗೆಯೋ ಮುಂಚೆ ಒಂದು ಪ್ರಶ್ನೆ: ಹೋದ ವಾರ ಕೊನೇಲಿ ಕೈಲೆಷ್ಟಿತ್ತು? ಯಾರಾದ್ರೂ ಹೇಳ್ಬೇಕು, ಪುಸ್ತಕ ಬರೆಯೋಳು ಬಿಟ್ಟು. ಮೊದಮೊದಲು ಯಾರಿಗೂ ನೆನಪಿರಲ್ಲ, ಮುಖ ಮುಖ ನೋಡ್ಕೋತಾರೆ. ನಾಲ್ಕೈದು ವಾರ ಬಿಡಿ, ಪೈಪೋಟಿ ಮೇಲೆ ಹೇಳ್ತಾರೆ. ಅಕ್ಷರ ಬರದೇ ಇರೋರೇ ಮುಂದೆ, ಯಾಕಂದ್ರೆ ಅವರು ಜೀವನಪೂರ್ತಿ ಲೆಕ್ಕನ ತಲೇಲೇ ಇಟ್ಕೊಂಡು ಬಂದೋರು, ಸಂತೇಲಿ ಈರುಳ್ಳಿ ಮಾರಿ ಬಂದು ಯಾರಿಗೆ ಎಷ್ಟು ಉದ್ರಿ ಅಂತ ಮೂರು ತಿಂಗಳಾದ್ಮೇಲೂ ಹೇಳ್ತಾರೆ. ಆಮೇಲೆ ಪ್ರತಿಯೊಬ್ಬರೂ ದುಡ್ಡು ಚಾಪೆ ಮಧ್ಯಕ್ಕೆ ಇಟ್ಟಾಗ ಅವರ ಹೆಸರು, ಇವತ್ತಿನ ಉಳಿತಾಯ, ಒಟ್ಟು ಉಳಿತಾಯ, ಸಾಲ ಇದ್ರೆ ಬಾಕಿ, ನಾಲ್ಕನ್ನೂ ಜೋರಾಗಿ ಓದಿ ಹೇಳೋದು, ಅವರೆದುರಿಗೇ ಪಾಸ್‌ಬುಕ್ ಬರೆದು ಅವರ ಕೈಗೇ ಕೊಡೋದು. ಪಾಸ್‌ಬುಕ್ ಮನೆಗೇ ಹೋಗ್ಬೇಕು. ಕಳೆದುಹಾಕ್ತಾರೆ ಮೇಡಂ ಅಂತಾರೆ ಪ್ರತಿನಿಧಿಗಳು. ರೇಷನ್ ಕಾರ್ಡ್ ಕಳೆದಿದ್ದಾರಾ ಯಾರಾದ್ರೂ ಅಂತ ನಾನು ಕೇಳ್ತೀನಿ.

ಬಡ್ಡಿ ವಿಷ್ಯ ಹೇಳ್ಲೇಬೇಕು, ಯಾಕಂದ್ರೆ ಅತಿ ಜಾಸ್ತಿ ಅನುಮಾನ ಹುಟ್ಟೋದು ಅಲ್ಲೇ. ಸುಮಾರು ಸಂಘಗಳಲ್ಲಿ ಒಳಗಿನ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. 10,000 ತಗೊಂಡು ಹತ್ತು ತಿಂಗಳಲ್ಲಿ, ತಿಂಗಳಿಗೆ 1,000ದ ಹಂಗೆ ಅಸಲು ತೀರಿಸ್ತೀರ ಅಂದ್ಕೊಳ್ಳಿ. ಇಳಿಕೆ ಲೆಕ್ಕದಲ್ಲಿ, ಅಂದ್ರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ರೆ, ಮೊದಲ ತಿಂಗಳು 200, ಆಮೇಲೆ 180, 160, ಹಿಂಗೆ ಇಳ್ಕೊಂಡು ಕೊನೇ ತಿಂಗಳು 20, ಒಟ್ಟು 1,100 ಬಡ್ಡಿ. ಅದೇ ಪೂರ್ತಿ ಹತ್ತು ಸಾವಿರಕ್ಕೂ ಹತ್ತೂ ತಿಂಗಳು ಬಡ್ಡಿ ಹಾಕಿದ್ರೆ 2,000. ಒಂದೇ ಊರಲ್ಲಿ ಎರಡು ಸಂಘ, ಇಬ್ಬರದ್ದೂ ಎರಡು ರೂಪಾಯಿ ಬಡ್ಡಿನೇ, ಒಬ್ಬಳು 900 ಜಾಸ್ತಿ ಕಟ್ಟಿದ್ಲು, ನೀರಿನ ಟ್ಯಾಂಕ್ ಹತ್ರ ಇಬ್ಬರೂ ಮಾತಾಡ್ಕೊಂಡಾಗ ಅದು ಗೊತ್ತಾಯ್ತು, ಮುಂದಿನ ವಾರ ದೊಡ್ಡ ಗಲಾಟೆ. ಆ 900 ಎಲ್ಲೂ ಹೋಗಿಲ್ಲ, ಸಂಘದಲ್ಲೇ ಇದೆ, ಅದ್ರಲ್ಲಿ ಅವಳ ಪಾಲೂ ಇದೆ. ಆದ್ರೆ ಯಾವ ಲೆಕ್ಕ ಹಾಕ್ತೀವಿ, ಯಾಕೆ ಹಾಕ್ತೀವಿ ಅಂತ ಸಾಲ ಕೊಡೋ ದಿನಾನೇ ಕೂರಿಸ್ಕೊಂಡು ಹೇಳಿದ್ರೆ ಗಲಾಟೆ ಯಾಕಾಗ್ತಿತ್ತು. ನಾನೀಗ ಹತ್ತು ಕಡ್ಲೆಕಾಳು ಇಟ್ಟು ತೋರಿಸ್ತೀನಿ, ತಿಂಗಳಿಗೊಂದು ಕಾಳು ತೆಗೆದ ಹಂಗೆ ಬಡ್ಡಿನೂ ಇಳಿಯುತ್ತೆ ಅಂತ. ಎರಡು ನಿಮಿಷದ ಕೆಲಸ.

ವಾಟ್ಸಾಪ್ ಗ್ರೂಪ್ ಮಾಡಿದೀವಲ್ಲ ಮೇಡಂ, ಎಲ್ಲಾ ಅದ್ರಲ್ಲೇ ಹಾಕ್ತೀವಿ ಅಂತಾರೆ ಈಗಿನ ಹುಡುಗಿಯರು. ಒಂದು ಸಂಘದಲ್ಲಿ ಕೂತು ಎಣಿಸಿದೆ. ಗ್ರೂಪಲ್ಲಿ ಹದಿನಾಲ್ಕು ನಂಬರ್ ಇದೆ, ಸ್ವಂತ ಫೋನ್ ಇರೋರು ಐದೇ ಜನ. ಉಳಿದಿದ್ದು ಮಗಂದು, ಗಂಡಂದು, ಒಂದಂತೂ ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗೋ ಸೊಸೇದು. ಬ್ಯಾಂಕ್ ಸಾಲ ಮಂಜೂರಾಗಿದೆ, ತಲಾ ಇಷ್ಟು ಬರುತ್ತೆ ಅಂತ ಮೆಸೇಜ್ ಹಾಕಿದ್ರು ಒಂದ್ಸಲ. ಒಬ್ಬಳ ಗಂಡ ಮೊದಲು ಓದ್ದ. ಅವಳು ಹೊಲದಿಂದ ಮನೆಗೆ ಬರೋ ಅಷ್ಟರಲ್ಲಿ ಆ ದುಡ್ಡಲ್ಲಿ ಬೈಕ್ ಡೌನ್ ಪೇಮೆಂಟ್ ಅಂತ ತೀರ್ಮಾನ ಆಗಿಹೋಗಿತ್ತು. ಅವಳು ಎರಡು ಕುರಿ ತರೋ ಲೆಕ್ಕ ಹಾಕಿದ್ಲು. ಇದೇ ಸುದ್ದಿ ಮೀಟಿಂಗಲ್ಲಿ ಗೊತ್ತಾಗಿದ್ರೆ ಮೊದಲು ಅವಳಿಗೆ ಗೊತ್ತಾಗ್ತಿತ್ತು, ಅಕ್ಕಪಕ್ಕದವರ ಹತ್ರ ಮಾತಾಡಿ ಗಟ್ಟಿಯಾಗಿ ಮನೆಗೆ ಹೋಗ್ತಿದ್ಲು. 2015ರಲ್ಲಿ ಸಂಘಗಳ ಲೆಕ್ಕನ ಕಂಪ್ಯೂಟರಿಗೆ ಹಾಕೋ ನಬಾರ್ಡಿನ ಇ-ಶಕ್ತಿ ಯೋಜನೆ ಬಂದಾಗ ಸದಸ್ಯರಿಗೆ ನಮ್ಮ ಭಾಷೇಲೇ ಎಸ್ಸೆಮ್ಮೆಸ್ ಬರುತ್ತೆ ಅಂತ ಖುಷಿಪಟ್ಟಿದ್ದೆ, ಅದರ ಕಥೆನೂ ಫೋನ್ ಯಾರ ಜೇಬಲ್ಲಿದೆ ಅನ್ನೋ ಕಡೆಗೇ ಬಂದು ನಿಂತ್ಕೊಳ್ಳುತ್ತೆ. ಈಗ ಸರ್ಕಾರದ ಸಂಜೀವಿನಿ ಯೋಜನೆ ಒಕ್ಕೂಟಗಳಲ್ಲಿ ಎಂಬಿಕೆಗಳು, ಅಂದ್ರೆ ಒಕ್ಕೂಟದ ಮುಖ್ಯ ಪುಸ್ತಕ ಬರೆಯೋರು, ಸಂಘಗಳ ಲೆಕ್ಕನ ಲೋಕ್‌ಒಎಸ್ ಅನ್ನೋ ಆ್ಯಪಿಗೆ ಹಾಕ್ತಾರೆ, ಒಳ್ಳೇದೇ, ಮೇಲಿನವರಿಗೆ ಎಲ್ಲಾ ಕಾಣುತ್ತೆ. ಚಾಪೆ ಮೇಲೆ ಕೂತೋರಿಗೆ ಕಾಣೋದು ಜೋರಾಗಿ ಓದಿದ್ರೇನೆ. ವಾಟ್ಸಾಪಲ್ಲಿ ಮೀಟಿಂಗ್ ಟೈಮ್ ಹಾಕ್ಲಿ, ಯಾರ ಮನೇಲಿ ಅಂತ ಹಾಕ್ಲಿ, ಸಾಕು. ಯಾರ ಕಂತು ಬಾಕಿ ಅಂತ ಮಾತ್ರ ದಯವಿಟ್ಟು ಹಾಕ್ಬೇಡಿ. ಮೀಟಿಂಗಲ್ಲಿ ಬಾಕಿ ಓದೋದು ಬೇರೆ, ಅಲ್ಲಿ ಎಲ್ಲರದ್ದೂ ಓದ್ತಾರೆ, ಅವಳೂ ಕೂತಿರ್ತಾಳೆ, ಯಾಕೆ ಕಟ್ಟೋಕಾಗ್ಲಿಲ್ಲ ಅಂತ ಹೇಳ್ಕೋಬಹುದು. ಫೋನಲ್ಲಿ ಹಾಕಿದ್ರೆ ಊರೆಲ್ಲಾ ಓದುತ್ತೆ.

ಮೀಟಿಂಗಿಗೆ ಬರಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ನಮ್ಮಂಥೋರೇ. ಇಲಾಖೆಯವರು, ಸಂಸ್ಥೆಯವರು ಬಂದು ಮುಕ್ಕಾಲು ಗಂಟೆ ಭಾಷಣ ಮಾಡ್ತೀವಿ, ಇಂಥ ದಿನ ತಾಲ್ಲೂಕಲ್ಲಿ ಕಾರ್ಯಕ್ರಮ ಇದೆ, ಸಂಘಕ್ಕೆ ಹತ್ತು ಜನ ಬರ್ಬೇಕು, ಒಂದೇ ಬಣ್ಣದ ಸೀರೆ ಉಟ್ಕೊಂಡು ಬನ್ನಿ ಅಂತ. ಬೆಳಗ್ಗಿಂದ ಕಳೆ ಕಿತ್ತು ಸುಸ್ತಾಗಿ ಬಂದೋಳು ಇದನ್ನ ಕೇಳೋಕೆ ಯಾಕೆ ಬರ್ಬೇಕು? ಅವಳು ತೀರ್ಮಾನ ಮಾಡೋ ಅಂಥದ್ದು ಏನಾದ್ರೂ ಇದ್ರೆ ಬರ್ತಾಳೆ. ಕೈಲಿ 15,000 ಇದೆ, ಕೇಳೋರು ಮೂರು ಜನ, ಒಬ್ಬಳಿಗೆ ಬೋರ್‌ವೆಲ್ ಮೋಟರ್ ಸುಟ್ಟಿದೆ, ಒಬ್ಬಳಿಗೆ ಮಗಳ ಕಾಲೇಜ್ ಫೀಸು, ಒಬ್ಬಳಿಗೆ ಆಸ್ಪತ್ರೆ, ಯಾರಿಗೆ ಮೊದಲು? ಇದನ್ನ ಪ್ರತಿನಿಧಿ ಮನೇಲಿ ಇಬ್ಬರೇ ಕೂತು ತೀರ್ಮಾನ ಮಾಡಿ ಮೀಟಿಂಗಲ್ಲಿ ಸಹಿ ಹಾಕಿಸ್ಕೊಂಡ್ರೆ ಉಳಿದೋರು ಬರೋದು ಹೆಬ್ಬೆಟ್ಟು ಒತ್ತೋಕೆ ಅಷ್ಟೇ. ಆಸ್ಪತ್ರೆ ಅಂದಾಗ ಏನು ಕಾಯಿಲೆ ಅಂತ ಎಲ್ಲರೆದುರು ಕೇಳ್ಬೇಡಿ, ಅಷ್ಟು ಸೂಕ್ಷ್ಮ ಇರ್ಲಿ.

ದಂಡದ ಬಗ್ಗೆ ಕೇಳ್ತಾರೆ ಸುಮಾರು ಜನ. ಬರದೇ ಇದ್ರೆ ಐದು ರೂಪಾಯಿ, ಹತ್ತು ರೂಪಾಯಿ. ಇರ್ಲಿ, ಆದ್ರೆ ಅದ್ರಿಂದ ಯಾರೂ ಬರಲ್ಲ, ಐದು ರೂಪಾಯಿ ಕಳಿಸಿ ಮನೇಲಿರ್ತಾರೆ. ಟೈಮ್ ಬದಲಾಯಿಸಿ ನೋಡಿ ಮೊದಲು. ಶೇಂಗಾ ಕೀಳೋ ಕಾಲದಲ್ಲಿ ಸಂಜೆ ಆರಕ್ಕೆ ಮೀಟಿಂಗ್ ಅಂದ್ರೆ ಆಗಲ್ಲ, ಎಂಟೂವರೆಗೆ ಇಡ್ಬೇಕು.

ಪುಸ್ತಕ ಬರೆಯೋಕೆ ಒಬ್ಬಳೇ ಇರೋದು ಇನ್ನೊಂದು ಅಪಾಯ. ಎಸ್ಸೆಸ್ಸೆಲ್ಸಿ ಓದಿರೋ ಯಾರದೋ ಮಗಳು, ಮುತುವರ್ಜಿಯಿಂದ ಬರೀತಾಳೆ, ಮದುವೆಯಾಗಿ ದಾವಣಗೆರೆಗೋ ಹಿರಿಯೂರಿಗೋ ಹೋಗ್ತಾಳೆ, ಮುಂದಿನ ಆರು ತಿಂಗಳು ಪುಸ್ತಕ ಖಾಲಿ. ನಾನು ನೋಡಿದ ಹಂಗೆ ನಿಂತುಹೋದ ಸಂಘಗಳಲ್ಲಿ ಜಗಳ ಆಗಿ ನಿಂತಿದ್ದಕ್ಕಿಂತ ಬರೆಯೋ ಹುಡುಗಿ ಮದುವೆಯಾಗಿ ನಿಂತಿದ್ದೇ ಜಾಸ್ತಿ. ಹಂಗಾಗಿ ಯಾವಾಗ್ಲೂ ಇಬ್ಬರಿಗೆ ಕಲಿಸಿ, ಅದ್ರಲ್ಲಿ ಒಬ್ಬಳು ಊರಿನ ಸೊಸೆ ಆಗಿರ್ಲಿ. ಮತ್ತೆ ಬರೆಯೋಳಿಗೆ ದುಡ್ಡು ಕೊಡಿ, ಸಂಘದ ಬಡ್ಡಿಯಿಂದ ತಿಂಗಳಿಗೆ ನೂರೋ ನೂರೈವತ್ತೋ. ಪುಕ್ಕಟೆ ಕೆಲಸ ಮಾಡೋಳಿಗೆ ನಂದೆಷ್ಟೈತೆ ಅಂತ ಮತ್ತೆ ಮತ್ತೆ ಕೇಳಿದ್ರೆ ಸಿಟ್ಟು ಬರುತ್ತೆ, ಸಹಜ ಅದು.

ಹೊಳಲ್ಕೆರೆ ಕಡೆ ಸಂಘ ಏನಾಯ್ತು ಅಂತ ಹೇಳ್ಬೇಕಲ್ಲ. ಶೇಂಗಾ ಸುಲೀತಿದ್ದ ಆಯಮ್ಮ ಮೀಟಿಂಗಿಗೆ ಬಂದ್ರು, ಸೇರೋಕಲ್ಲ, ನಂಗೆ ನನ್ನ ಲೆಕ್ಕ ಚುಕ್ತಾ ಮಾಡಿಕೊಡಿ ಅಂತ ಕೇಳೋಕೆ. ಮಧ್ಯದಲ್ಲಿ ಬಿಟ್ಟೋರಿಗೆ ಬಡ್ಡಿ ಪಾಲು ಕೊಡೋ ಹಂಗಿಲ್ಲ ಅಂತ ಪ್ರತಿನಿಧಿ ಅಂದ್ರು. ಯಾವ ಮೀಟಿಂಗಲ್ಲಿ ಹಂಗೆ ನಿಯಮ ಮಾಡಿದ್ರಿ, ನಡಾವಳೀಲಿ ತೋರಿಸಿ ಅಂದೆ, ಹುಡುಕಿದ್ರು, ಇರಲಿಲ್ಲ. ಉಳಿತಾಯ 5,980, ಬಡ್ಡೀಲಿ ಪಾಲು 1,740, ಸಾಲ ಬಾಕಿ ಏನಿಲ್ಲ, ಒಟ್ಟು 7,720. ಆ 1,740 ಎಲ್ಲಿಂದ ಬಂತು ಅಂತ ಪುಟ ತಿರುಗಿಸ್ಕೊಂಡು ಒಂದೊಂದೇ ಸಾಲು ಜೋರಾಗಿ ಓದಿದೆ, ಚಾಪೆ ಮೇಲೆ ದುಡ್ಡು ಎಣಿಸಿ ಇಟ್ವಿ. ಆಯಮ್ಮ ಎರಡು ಸಲ ಎಣಿಸ್ಕೊಂಡು, ಸೆರಗಲ್ಲಿ ಗಂಟು ಹಾಕ್ಕೊಂಡು, ಎಲ್ಲರಿಗೂ ಒಂದ್ಸಲ ಕೈ ಮುಗಿದು ಹೊರಟೇಬಿಟ್ರು. ಮತ್ತೆ ಆ ಸಂಘಕ್ಕೆ ಬರ್ಲಿಲ್ಲ.

ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಒಬ್ಬರು ಮುಂದಕ್ಕೆ ಜರುಗಿ, "ಹಂಗಾರೆ ನಂದೆಷ್ಟೈತೆ ನೋಡ್ರವ್ವಾ" ಅಂದ್ರು. ಅವರದ್ದು ಓದಿ ಮುಗಿಸೋ ಹೊತ್ತಿಗೆ ಪಕ್ಕದೋಳು ಕೇಳಿದ್ಲು, ಅವಳಾದ್ಮೇಲೆ ಇನ್ನೊಬ್ಬಳು. ಪ್ಲಾಸ್ಟಿಕ್ ಕವರಿಂದ ಪಾಸ್‌ಬುಕ್ ಒಂದೊಂದಾಗಿ ಹೊರಗೆ ಬಂದ್ವು, 19 ತಿಂಗಳ ಎಂಟ್ರಿ ಹಾಕ್ಕೊಂಡು ಕೂತಿದ್ದಕ್ಕೆ ನಂಗೆ ಕೊನೇ ಬಸ್ ತಪ್ಪೋಯ್ತು. ಪ್ರತಿನಿಧಿ ಮನೇಲೇ ಮುದ್ದೆ ಉಂಡು ಮಲಗಿದೆ.