ದೊಡ್ಡ ಬ್ರೇಕ್ ಹಾಕಿದ ಮೇಲೆ ಪೆಡಲ್ ಯಾಕೆ ಇಷ್ಟು ಕೆಳಗೆ ಹೋಗುತ್ತದೆ?

ಕಾರಿಗೆ ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಕೂರಿಸಿದ ಮೇಲೆ ಪೆಡಲ್ ಮೊದಲಿಗಿಂತ ಕೆಳಗೆ ಹೋದರೆ ಎಲ್ಲರೂ ಹೇಳುವುದು ಒಂದೇ ಮಾತು: ‘ಗಾಳಿ ಸೇರಿದೆ, ಇನ್ನೊಮ್ಮೆ ಬ್ಲೀಡ್ ಮಾಡು’ (ಆಯಿಲ್ ಹರಿಸಿ ಗಾಳಿ ಹೊರಹಾಕು). ಇರಬಹುದು. ಆದರೆ ಇನ್ನೊಂದು ಬಾಟಲಿ ಬ್ರೇಕ್ ಆಯಿಲ್ ಖಾಲಿ ಮಾಡುವ ಮೊದಲು ಕಾಲಿಗೆ ಏನು ಗೊತ್ತಾಗುತ್ತಿದೆ ಎಂದು ನೋಡಿ. ಈ ಪರೀಕ್ಷೆಯೆಲ್ಲ ಗಾಡಿ ನಿಂತಲ್ಲೇ ಆಗಬೇಕು, ರಸ್ತೆಯಲ್ಲಿ ಅಲ್ಲ.

ಇಂಜಿನ್ ಆಫ್ ಮಾಡಿ, ನಾಲ್ಕೈದು ಸಲ ಪೆಡಲ್ ಒತ್ತಿ ಬೂಸ್ಟರಿನ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಡಬ್ಬಿ) ವ್ಯಾಕ್ಯೂಮ್ ಖಾಲಿ ಮಾಡಿ. ಬೂಸ್ಟರ್ ಕೆಲಸ ಮಾಡುತ್ತಿದ್ದರೆ ಸ್ವಲ್ಪ ಒತ್ತಿದರೂ ಪೆಡಲ್ ಹೆಚ್ಚು ಇಳಿಯುತ್ತದೆ, ಅಂದಾಜು ತಪ್ಪುತ್ತದೆ. ಈಗ ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗೆ ಇಳಿಯುತ್ತಲೇ ಹೋದರೆ ಗಾಳಿ, ಉಬ್ಬುವ ಹೋಸ್, ಇಲ್ಲವೇ ಡಿಸ್ಕಿಗೆ ಸಮನಾಗಿ ಕೂರದ ಪ್ಯಾಡ್. ಬಹಳ ದೂರ ಸುಮ್ಮನೆ ಹೋಗಿ ಆಮೇಲೆ ಗಟ್ಟಿಯಾಗಿ ನಿಂತರೆ ಎಲ್ಲೋ ಸಂದು (ಪ್ಯಾಡಿಗೂ ಡಿಸ್ಕಿಗೂ ನಡುವಿನಂಥ ಖಾಲಿ ಜಾಗ) ಹೆಚ್ಚಿದೆ. ಬೇಗಬೇಗ ಎರಡು ಸಲ ಒತ್ತಿದರೆ ಇಂಥ ಪೆಡಲ್ ಮೇಲಕ್ಕೆ ಬರುತ್ತದೆ. ಗಟ್ಟಿಯಾಗಿ ನಿಂತದ್ದು, ಒತ್ತಿ ಹಿಡಿದಾಗ ಮೆಲ್ಲಗೆ ಜಾರಿದರೆ ಹೊರಗೆಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಪಂಪು) ಒಳಸೀಲು ಹಾಳಾಗಿದೆ. ಹಳೆ ಗಾಡಿಯಲ್ಲಿ ಬ್ಲೀಡ್ ಮಾಡುವಾಗ ಪೆಡಲನ್ನು ನೆಲಕ್ಕೆ ತಾಗುವವರೆಗೂ ಒತ್ತಿದರೆ, ಎಂದೂ ಹೋಗದ ತುಕ್ಕಿನ ಜಾಗಕ್ಕೆ ಸೀಲು ಹೋಗಿ ಹರಿಯುವುದುಂಟು. ಪೆಡಲ್ ಕೆಳಗೊಂದು ಮರದ ತುಂಡು ಇಟ್ಟುಕೊಂಡರೆ ಸಾಕು.

ಈಗ ಲೆಕ್ಕ. ‘ಪಿಸ್ಟನ್ ದೊಡ್ಡದಾಯಿತು, ಹಾಗಾಗಿ ಪೆಡಲ್ ಇಳಿಯಿತು’ ಎಂಬ ವಾದ ಎಷ್ಟು ನಿಜ ಎಂದು ಕಾಗದದ ಮೇಲೇ ತೀರ್ಮಾನವಾಗುತ್ತದೆ. ಹಳೆಯದು 54 ಮಿ.ಮೀ. ವ್ಯಾಸದ ಒಂಟಿ ಪಿಸ್ಟನ್ನಿನ ಜಾರು ಕ್ಯಾಲಿಪರ್ (ಪಿಸ್ಟನ್ ಒಂದೇ ಬದಿಗಿದ್ದು, ಕ್ಯಾಲಿಪರೇ ಜಾರಿ ಇನ್ನೊಂದು ಬದಿಯ ಪ್ಯಾಡನ್ನು ಎಳೆಯುವಂಥದು) ಎಂದುಕೊಳ್ಳಿ: ವಿಸ್ತೀರ್ಣ ಸುಮಾರು 2290 ಚದರ ಮಿ.ಮೀ. ಹೊಸದರಲ್ಲಿ ಪ್ರತಿ ಬದಿಗೆ 38 ಮತ್ತು 42 ಮಿ.ಮೀ. ಪಿಸ್ಟನ್: ಒಂದು ಬದಿಗೆ ಸುಮಾರು 2520. ನಾಲ್ಕನ್ನೂ ಕೂಡಿಸಿ ‘ಎರಡು ಪಟ್ಟಾಯಿತು’ ಎನ್ನುವವರೇ ಹೆಚ್ಚು. ಅದು ತಪ್ಪು. ಜಾರು ಕ್ಯಾಲಿಪರಿನ ಒಂಟಿ ಪಿಸ್ಟನ್ ಎರಡೂ ಬದಿಯ ಸಂದನ್ನು ತಾನೇ ತುಂಬಬೇಕು, ಇಲ್ಲಿ ಎರಡು ಬದಿಯವು ಹಂಚಿಕೊಳ್ಳುತ್ತವೆ. ಆದ್ದರಿಂದ ಒಂದೇ ಬದಿ ಎಣಿಸಬೇಕು. ವ್ಯತ್ಯಾಸ ಶೇ. 10 ಮಾತ್ರ. ಪೆಡಲ್ ಅದಕ್ಕಿಂತ ಬಹಳ ಇಳಿದಿದ್ದರೆ ಪಿಸ್ಟನ್ನಿನ ಮೇಲೆ ತಪ್ಪು ಹೊರಿಸಬೇಡಿ.

ಸಂದು ಮಾಡುವ ಹಾನಿ ಇದಕ್ಕಿಂತ ದೊಡ್ಡದು. ಹಳೆ ಕ್ಯಾಲಿಪರಿನಲ್ಲೇ ನೋಡಿ: ಎರಡು ಮುಂದಿನ ಚಕ್ರಗಳಲ್ಲೂ ಪಿಸ್ಟನ್ ಬರೀ ಅರ್ಧ ಮಿ.ಮೀ. ಹೆಚ್ಚು ಹಿಂದೆ ಸರಿದಿದೆ ಎನ್ನಿ. ಒಟ್ಟು 2290 ಘನ ಮಿ.ಮೀ. ಆಯಿಲ್ ಹೆಚ್ಚು ಬೇಕು. 22.2 ಮಿ.ಮೀ. ಮಾಸ್ಟರ್ ಸಿಲಿಂಡರಿನ ವಿಸ್ತೀರ್ಣ ಸುಮಾರು 388. ಅದರ ಪಿಸ್ಟನ್ 5.9 ಮಿ.ಮೀ. ಹೆಚ್ಚು ಚಲಿಸಬೇಕು. ಪೆಡಲಿನ ಅನುಪಾತ 4 ಆದರೆ (ಪೆಡಲ್ 4 ಮಿ.ಮೀ. ಇಳಿದರೆ ಆ ಪಿಸ್ಟನ್ 1 ಮಿ.ಮೀ. ಚಲಿಸಿದರೆ) ಕಾಲಡಿಗೆ ಸುಮಾರು 24 ಮಿ.ಮೀ., ಹತ್ತಿರ ಹತ್ತಿರ ಒಂದಂಗುಲ!

ಈ ಅರ್ಧ ಮಿ.ಮೀ. ಎಲ್ಲಿಂದ ಬರುತ್ತದೆ? ಹಬ್ಬಿನ (ಡಿಸ್ಕ್ ಕೂರುವ, ಚಕ್ರದ ನಡುಭಾಗ) ಮೇಲೆ ತುಕ್ಕಿನ ಪದರ ಉಳಿಸಿ ಡಿಸ್ಕ್ ಕೂರಿಸಿದರೆ ಅದು ಓಲಾಡುತ್ತಾ ತಿರುಗಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಡಯಲ್ ಗೇಜ್ ಇಟ್ಟು ನೋಡಿ, ಓಲಾಟ 0.1 ಮಿ.ಮೀ. ದಾಟಿದರೆ ಬಿಚ್ಚಿ ಉಜ್ಜಬೇಕು. ಸಡಿಲವಾದ ಬೇರಿಂಗೂ ಇದನ್ನೇ ಮಾಡುತ್ತದೆ. ಬ್ರಾಕೆಟ್ ಸ್ವಲ್ಪ ಓರೆಯಾಗಿದ್ದರೆ ಪ್ಯಾಡ್ ಒಂದು ಅಂಚಿನಲ್ಲಿ ಮಾತ್ರ ತಾಗುತ್ತದೆ. ಹಿಂದೆ ಡ್ರಮ್ ಇದ್ದರೆ ಶೂ ಸೆಟ್ಟಿಂಗ್ (ಶೂ ಡ್ರಮ್ಮಿಗೆ ಎಷ್ಟು ಹತ್ತಿರವಿದೆ ಎಂದು) ನೋಡದೆ ಮುಂದಿನದನ್ನು ದೂರಬೇಡಿ. ಹಿಂದಿನ ಕ್ಯಾಲಿಪರಿನಲ್ಲೇ ಹ್ಯಾಂಡ್ ಬ್ರೇಕ್ ಇರುವ ಗಾಡಿಗಳಲ್ಲಿ ಕೇಬಲ್ ಬಿಗಿಯಾಗಿದ್ದರೆ ಸಂದನ್ನು ಸರಿಮಾಡುವ ಒಳಗಿನ ಅಡ್ಜಸ್ಟರ್ ಕೆಲಸ ಮಾಡುವುದೇ ಇಲ್ಲ.

ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ಸ್ಕ್ರೂ) ಮೇಲಿದೆಯೇ ಎಂದೂ ನೋಡಿ. ಎಡ ಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದಿದ್ದರೆ ಎಷ್ಟು ಆಯಿಲ್ ಹರಿಸಿದರೂ ಮೇಲಿನ ಗಾಳಿ ಅಲ್ಲೇ.

ಗೊಂದಲ ಉಳಿದರೆ ಪೈಪುಗಳನ್ನು ಬಿಚ್ಚಿ, ಮಾಸ್ಟರ್ ಸಿಲಿಂಡರಿನ ಹೊರದಾರಿಗಳಿಗೆ ಸರಿಯಾದ ಥ್ರೆಡ್ಡಿನ ಪ್ಲಗ್ ಹಾಕಿ ಪೆಡಲ್ ಒತ್ತಿ. ಮೇಲೆಯೇ ಕಲ್ಲಿನಂತೆ ನಿಲ್ಲಬೇಕು. ನಿಲ್ಲದಿದ್ದರೆ ತಪ್ಪು ಮಾಸ್ಟರ್ ಸಿಲಿಂಡರಿನದು, ಅದರೊಳಗೇ ಉಳಿದ ಗಾಳಿಯದು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುವ ಬೂಸ್ಟರ್ ಪುಶ್‌ರಾಡಿನ ಮುಂದಿನ ಸಂದಿನದು. ನಿಂತರೆ ಒಂದೊಂದೇ ಪೈಪನ್ನು ಮತ್ತೆ ಜೋಡಿಸಿ, ಗಾಳಿ ತೆಗೆದು ಒತ್ತಿ ನೋಡುತ್ತಾ ಹೋಗಿ. ಪೆಡಲ್ ಯಾವುದನ್ನು ಜೋಡಿಸಿದಾಗ ಇಳಿಯಿತೋ ಅದನ್ನೇ ಹಿಡಿಯಿರಿ.

ಎಲ್ಲ ಸರಿಯಿದ್ದೂ ಪೆಡಲ್ ಒಪ್ಪದಿದ್ದರೆ ಮಾತ್ರ ದೊಡ್ಡ ಮಾಸ್ಟರ್ ಸಿಲಿಂಡರಿನ ಯೋಚನೆ. 22.2ರಿಂದ 25.4 ಮಿ.ಮೀ.ಗೆ ಹೋದರೆ ಪೆಡಲ್ ಓಟ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ, ಆದರೆ ಅಷ್ಟೇ ಬ್ರೇಕ್ ಹಿಡಿಯಲು ಪಾದದಿಂದ ಶೇ. 30ರಷ್ಟು ಹೆಚ್ಚು ಬಲವಾಗಿ ಒತ್ತಬೇಕು. ಬೂಸ್ಟರ್ ಇಲ್ಲದ ಹಳೆ ಗಾಡಿಗೆ ನಾನಂತೂ ಇದನ್ನು ಹೇಳುವುದಿಲ್ಲ.